ಮೂರನೆಯ ಕೂಗು

ಮಕ್ಕಳನ್ನು ಸ್ಕೂಲಿಗೆ ಹೊರಡಿಸುವುದು ಕಷ್ಟ ಎನ್ನುತ್ತಾರೆ. ಸುಳ್ಳು. ಬೆಳಗ್ಗೆ ಹೇಗೋ ಬೈದು, ಎಳೆದಾಡಿ, ತಲೆ ಬಾಚಿ ಆಟೋಗೆ ತುಂಬಿದರೆ ಮುಗಿಯಿತು, ಸಂಜೆಯವರೆಗೆ ಅವರು ಟೀಚರುಗಳ ತಲೆನೋವು. ಕಷ್ಟ ಶುರುವಾಗುವುದು ಅವರು ವಾಪಸು ಬಂದ ಮೇಲೆ. ಆಟೋ ಅವರನ್ನು ಗೇಟಿನ ಮುಂದೆ ಇಳಿಸಿ ಹೋದ ಗಳಿಗೆಯಿಂದ ನಾನೋ ನನ್ನ ಹೆಂಡತಿಯೋ ಮೆಟ್ಟಿಲು ಹತ್ತುವವರೆಗೆ ಇರುವ ಹೊತ್ತಿದೆಯಲ್ಲ, ಅದು ಸ್ಕೂಲಿನದೂ ಅಲ್ಲ, ಮನೆಯದೂ ಅಲ್ಲ. ಆ ಹೊತ್ತಿಗೆ ಒಂದು ಶಿಸ್ತು ತರುತ್ತೇನೆ ಎಂದು ನಾನು ಹೊರಟೆ.

ನಾವಿರುವುದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ನಾನು ಊರಂಚಿನ ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಕುಣಿಗಲ್ ಕಡೆಯ ಶಾಲೆಯಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆಗ ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು. ಕೆಳಗಿನ ಮನೆಯಲ್ಲಿದ್ದ ಓನರ್ ಹೆಂಡತಿ ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಚಕ್ಕುಲಿ ಕೊಟ್ಟು ನೋಡಿಕೊಳ್ಳುತ್ತಿದ್ದರು. ತಮ್ಮ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದವರು ಅಲ್ಲೇ ಉಳಿದರು, ಓನರೂ ಅವರ ಹಿಂದೆಯೇ ಹೋದರು. ಕೆಳಗಿನ ಮನೆಗೆ ಬೀಗ ಬಿತ್ತು. ಸಂಜೆ ಹೊತ್ತು ಆ ಕಟ್ಟಡದಲ್ಲಿ ನನ್ನ ಇಬ್ಬರು ಮಕ್ಕಳನ್ನು ಬಿಟ್ಟರೆ ಬೇರೆ ಯಾರೂ ಇರದ ಹಾಗಾಯಿತು.

ಅದೇ ಸಮಯಕ್ಕೆ ಏರಿಯಾದಲ್ಲಿ ಒಂದು ಸುದ್ದಿ ಹರಡಿತು. ಹಿಂದಿನ ರಸ್ತೆಯಲ್ಲಿ ಯಾರೋ ಒಬ್ಬ ಬಂದು, 'ನಿಮ್ಮಮ್ಮ ಆಸ್ಪತ್ರೆಲವ್ರೆ, ಬಾ ಕರ್ಕೊಂಡೋಗ್ತೀನಿ' ಎಂದು ಒಂಟಿಯಾಗಿದ್ದ ಹುಡುಗಿಯ ಬಾಗಿಲು ತೆಗೆಸಿದನಂತೆ. ಯಾವ ಹುಡುಗಿ, ಯಾವ ಮನೆ ಎಂದರೆ ಯಾರಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಯಾವುದೋ ಹೆಂಗಸು ಗಾಬರಿಯಿಂದ ಮಾತಾಡಿದ ಆಡಿಯೋ ಒಂದು ಎಲ್ಲರ ಹತ್ತಿರವೂ ಇತ್ತು. ನಾನು ಇಂಥವನ್ನು ನಂಬುವವನಲ್ಲ, ಕಳಿಸಿದವರಿಗೆ ಉಗಿದು ಡಿಲೀಟ್ ಮಾಡುವವನು. ಆದರೂ ಆ ಆಡಿಯೋವನ್ನು ಕೇಳಿ, ಮತ್ತೊಮ್ಮೆ ಕೇಳಿ, ಮಷೀನಿನ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟೆ.

ಆ ಭಾನುವಾರವೇ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನಿಯಮ ಹೇಳಿದೆ. ಮೆಟ್ಟಿಲ ತುದಿಯಲ್ಲಿ ಕಬ್ಬಿಣದ ಗ್ರಿಲ್ ಇದೆ, ಅದಾದ ಮೇಲೆ ಒಂದು ಸಣ್ಣ ಪ್ಯಾಸೇಜು, ಆಮೇಲೆ ಮರದ ಬಾಗಿಲು. ಬಂದ ತಕ್ಷಣ ಗ್ರಿಲ್ಲಿಗೆ ಒಳಗಿನಿಂದ ಬೀಗ. ಬಾಗಿಲಿಗೆ ಚಿಲಕ. ಮನೆಯ ಹಳೇ ಫೋನಿನಿಂದ ನನಗೊಂದು ಮಿಸ್ಡ್ ಕಾಲ್. ಕೈಕಾಲು ತೊಳೆದು, ಯೂನಿಫಾರಂ ಬಿಚ್ಚಿ, ತಟ್ಟೆ ಮುಚ್ಚಿಟ್ಟ ಉಪ್ಪಿಟ್ಟನ್ನೋ ಚಪಾತಿಯನ್ನೋ ತಿಂದು, ಹೋಂವರ್ಕ್ ಮುಗಿಸಿದರೆ ಟೀವಿ. ಗ್ಯಾಸ್ ಮುಟ್ಟುವ ಹಾಗಿಲ್ಲ. ನಾವು ಬರುವವರೆಗೆ ಬಾಗಿಲು ತೆಗೆಯುವ ಹಾಗಿಲ್ಲ. ಫ್ಯಾಕ್ಟರಿಯಲ್ಲಿ ಹೊಸ ಹುಡುಗರಿಗೆ ಮಷೀನಿನ ಪಾಠ ಹೇಳುವ ಗತ್ತಿನಲ್ಲೇ ಹೇಳಿದೆ.

"ಬಂದಿರೋದು ನೀವೇ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಮಗಳು ಕೇಳಿದಳು. ಅವಳು ಯಾವಾಗಲೂ ಹಾಗೆಯೇ, ಪಾಠದ ಕೊನೆಯಲ್ಲಿ ಕೈ ಎತ್ತುವವಳು.

ನಿಜ. ಮರದ ಬಾಗಿಲಿಗೆ ಹೊರಗೆ ನೋಡುವ ತೂತಿರಲಿಲ್ಲ. ಹಾಕಿಸುತ್ತೇನೆ ಎಂದರೆ ಓನರ್, ಸಾಗುವಾನಿ ಸಾರ್, ಕೊರೆಯಬೇಡಿ ಎಂದಿದ್ದರು. ಕಿಟಕಿ ಇದ್ದದ್ದು ಇನ್ನೊಂದು ಕಡೆಗೆ. ಅದಕ್ಕೇ ಪಾಸ್‌ವರ್ಡ್ ಇಟ್ಟುಕೊಳ್ಳೋಣ ಎಂದೆ. ಮಗ ಕುಣಿದಾಡಿ 'ತೆಂಗಿನಕಾಯಿ' ಎಂದು ಆರಿಸಿದ. ಮರುದಿನವೇ ಆಟೋದಲ್ಲಿದ್ದ ಅಷ್ಟೂ ಮಕ್ಕಳಿಗೆ ಹೇಳಿಬಿಟ್ಟ. ವಾರ ಕಳೆಯುವುದರೊಳಗೆ ಆಟೋ ಡ್ರೈವರ್ ಬೆಳಗ್ಗೆ ಹಾರನ್ ಹೊಡೆದು, "ತೆಂಗಿನಕಾಯಿ ಬಂತು, ಬಾಗ್ಲು ತೆಗೀರಪ್ಪೋ!" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದ. ಅವನು ಒಳ್ಳೆಯವನು, ತಮಾಷೆಗೆ ಕೂಗಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ದಸರಾ ರಜೆಗೆ ಅವ್ವ ಬಂದಳು. ನಮ್ಮೂರು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ. ಅಣ್ಣ ತೋಟ ನೋಡಿಕೊಳ್ಳುತ್ತಾನೆ, ಅವ್ವ ಅಣ್ಣನನ್ನು ನೋಡಿಕೊಳ್ಳುತ್ತಾಳೆ, ಅಂದರೆ ದಿನಾ ಅವನ ಜೊತೆ ಜಗಳವಾಡುತ್ತಾಳೆ. ಬೇಜಾರಾದಾಗ ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿನ ಬಸ್ಸು ಹತ್ತಿ, ಹೇಳದೆ ಕೇಳದೆ ನಮ್ಮ ಮನೆಗೆ ಬಂದುಬಿಡುವುದು ಅವಳ ಅಭ್ಯಾಸ. ಫೋನ್ ಮಾಡಿ ಬಾರವ್ವ ಎಂದರೆ, "ನನ್ ಮಗನ್ ಮನೆಗೆ ಬರಕ್ಕೆ ಯಾರ ಅಪ್ಪಣೆ ತಗಬೇಕ್ಲಾ?" ಎನ್ನುವಳು.

ಪಾಸ್‌ವರ್ಡಿನ ಪುರಾಣ ಕೇಳಿ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಗಳನ್ನು ತೊಡೆಯ ಹತ್ತಿರ ಎಳೆದುಕೊಂಡು, ನನ್ನ ಬಾಲ್ಯದಲ್ಲಿ ನನಗೆ ಹೇಳುತ್ತಿದ್ದುದನ್ನೇ ಹೇಳಿದಳು. "ನೋಡು ಕೂಸೇ, ಮುಸ್ಸಂಜೆಲಿ ಯಾರಾರಾ ಕೂಗಿದ್ರೆ ಒಂದೇ ಕೂಗಿಗೆ ಓ ಅನ್ಬ್ಯಾಡ. ಮನ್ಸ ಆದೋನು ಹೆಸ್ರಿಡ್ದು ಮೂರ್ ಸಲ ಕೂಗ್ತಾನೆ. ಅದು ಒಂದ್ಸಲ ಕೂಗ್ತದೆ, ಜಾಸ್ತಿ ಅಂದ್ರೆ ಎಲ್ಡ್ ಸಲ. ಮೂರ್ನೇದು ಅದ್ರ ಕೈಲಿ ಆಗಕಿಲ್ಲ."

"ಅದು ಅಂದ್ರೆ ಯಾವ್ದು ಅಜ್ಜಿ?"

"ಗಾಳಿ ಕಣವ್ವ. ನಮ್ದೇ ದನಿ ತಗಂಡು ಬತ್ತದೆ. ನಿಮ್ಮಪ್ಪನ್ ದನಿ, ನಿಮ್ಮವ್ವನ್ ದನಿ, ನಂದೂವೆ. ಗುರ್ತು ಸಿಗಕಿಲ್ಲ."

"ಮತ್ತೆ ನೀನೇ ಒಂದ್ಸಲ ಕೂಗಿದ್ರೆ?"

"ಒಂದೇ ಸಲ ಕೂಗಿದ್ರೆ ಅದು ನಾನಲ್ಲ ಅಂತ ತಿಳ್ಕೊ," ಎಂದು ಅವ್ವ ಅವಳ ಕೆನ್ನೆ ಹಿಂಡಿದಳು.

ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೇ ಪದ್ಧತಿ. ಕತ್ತಲಾದ ಮೇಲೆ ತೋಟದ ಕಡೆಯಿಂದ ಯಾರಾದರೂ ಕೂಗಿದರೆ ದೊಡ್ಡವರೂ ಕೈಲಿದ್ದ ತುತ್ತು ಹಿಡಿದುಕೊಂಡು ಎರಡನೆಯದಕ್ಕೆ, ಮೂರನೆಯದಕ್ಕೆ ಕಾಯುತ್ತಿದ್ದರು. ಬಂದವರೂ ಅಷ್ಟೇ, ಅವಸರವಿದ್ದರೂ ಮೂರು ಸಲ ಕೂಗಿಯೇ ಉತ್ತರ ನಿರೀಕ್ಷಿಸುತ್ತಿದ್ದರು. ನನಗೆ ಗಾಳಿಯಲ್ಲಿ ನಂಬಿಕೆಯಿಲ್ಲ. ಆದರೆ ಉಪಾಯ ಭೇಷಾಗಿದೆ ಎನ್ನಿಸಿತು. ಕಳ್ಳನಿಗೆ ಮಕ್ಕಳ ಹೆಸರು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಒಂದೆರಡು ಸಲ ಕೂಗಿ ನೋಡಿ ಹೋಗುತ್ತಾನೆ. ಪಾಸ್‌ವರ್ಡ್ ರದ್ದಾಯಿತು. ಇನ್ನು ಮೇಲೆ ಯಾರೇ ಬರಲಿ, ನಾನೇ ಬರಲಿ, ಹೆಸರು ಹಿಡಿದು ಬಿಟ್ಟುಬಿಟ್ಟು ಮೂರು ಸಲ ಕೂಗಬೇಕು, ಮೂರನೆಯದಕ್ಕೆ ಬಾಗಿಲು. ಮೊದಲ ಎರಡಕ್ಕೆ ಉಸಿರೂ ಬಿಡುವ ಹಾಗಿಲ್ಲ. ಮಗನಿಗೆ ಇದು ಆಟ. ಮಗಳು ಮಾತ್ರ ಹೋಂವರ್ಕ್ ಬರೆದುಕೊಳ್ಳುವಾಗಿನ ಮುಖ ಮಾಡಿಕೊಂಡು ಕೇಳಿಸಿಕೊಂಡಳು.

ಅವ್ವ ಊರಿಗೆ ಹೋದ ಮೇಲೆ ಒಂದು ದಿನ ಪರೀಕ್ಷೆ ಮಾಡಲು ಬೇಗ ಬಂದೆ. ಒಳಗೆ ಟೀವಿಯ ಸದ್ದಿತ್ತು. ಒಂದು ಸಲ ಕೂಗಿದೆ. ಟೀವಿ ನಿಂತಿತು. ಎರಡನೆಯ ಸಲ ಕೂಗಿ ಬೇಕಂತಲೇ ಸುಮ್ಮನಾದೆ. ಒಳಗಿನಿಂದ ಒಂದು ಚಮಚದ ಸದ್ದೂ ಇಲ್ಲ. ಬಾಗಿಲ ಆ ಕಡೆ ನನ್ನ ಮಕ್ಕಳಿದ್ದಾರೆ, ನನ್ನ ದನಿ ಕೇಳಿದ್ದಾರೆ, ಆದರೂ ನನ್ನನ್ನು ಯಾರೋ ಎಂದುಕೊಂಡು ಕೂತಿದ್ದಾರೆ. ಶಹಬ್ಬಾಸ್ ಎನ್ನಬೇಕಿತ್ತು, ಎಂದದ್ದೂ ಹೌದು. ಆದರೆ ಮೂರನೆಯ ಸಲ ಕೂಗುವ ಮೊದಲು ನನ್ನದೇ ಬಾಗಿಲ ಮುಂದೆ ನಿಂತು ನನಗೆ ಬೆವರು ಬಂದಿತ್ತು.

ಫ್ಯಾಕ್ಟರಿಯಲ್ಲಿ ಜಂಬ ಕೊಚ್ಚಿಕೊಂಡೆ. ಇಬ್ಬರು ಸಹೋದ್ಯೋಗಿಗಳು ತಮ್ಮ ಮನೆಯಲ್ಲೂ ಜಾರಿಗೆ ತಂದರು. ಹೆಂಡತಿ ಮಾತ್ರ ಒಂದು ಸಂಜೆ ತರಕಾರಿ ಹೆಚ್ಚುತ್ತ ಹೇಳಿದಳು: "ರೀ, ಮೊದ್ಲು ನಾನು ಮೆಟ್ಟಿಲು ಹತ್ತೋ ಸದ್ದಿಗೇ ಇಬ್ರೂ ಓಡಿ ಬರ್ತಿದ್ರು. ಈಗ ಮೂರ್ ಸಲ ಕೂಗಿ ಒಳಗೆ ಬಂದ್ರೂ ಅವ್ಳು ನನ್ನ ಕಾಲು ನೋಡ್ತಾಳೆ."

"ಕಾಲು ಯಾಕೆ?"

"ನೆಲ ಮುಟ್ಟಿದ್ಯಾ ಅಂತ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮಗ ಸಂಜೆ ಒಬ್ಬನೇ ಬಚ್ಚಲಿಗೆ ಹೋಗುವುದನ್ನು ಬಿಟ್ಟಿದ್ದಾನೆ ಎಂಬುದನ್ನೂ ಆಗಲೇ ಹೇಳಿದಳು. ಬುಡೇ, ಮಕ್ಕಳು ಒಂದಿಷ್ಟು ಹೆದರಿಕೊಂಡರೆ ಏನೂ ಲುಕ್ಸಾನಿಲ್ಲ ಎಂದೆ. ನಾವೂ ಹೆದರಿಕೊಂಡೇ ಬೆಳೆದವರಲ್ಲವೇ ಎಂದೆ.

ಅವರೆಕಾಯಿ ಕಾಲ ಬಂತು. ಆ ದಿನ ನನಗೆ ಮಿಸ್ಡ್ ಕಾಲ್ ಸರಿಯಾಗಿಯೇ ಬಂದಿತ್ತು. ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸುವಾಗ ಬೆಳಕು ಹೋಗಿ ಬೀದಿದೀಪ ಹತ್ತಿತ್ತು. ಮೊದಲನೇ ಮೆಟ್ಟಿಲಲ್ಲೇ ನಾಲ್ಕಾರು ಅವರೆಕಾಯಿ ಬಿದ್ದಿದ್ದವು. ಯಾರದೋ ಚೀಲ ತೂತಾಗಿದೆ ಎಂದುಕೊಂಡು ಬಗ್ಗಿ ಆರಿಸಿಕೊಂಡೆ. ಎರಡನೇ ಮೆಟ್ಟಿಲಲ್ಲೂ ಇದ್ದವು. ತಿರುವಿನಲ್ಲಿ ರಾಶಿಯಾಗಿಯೇ ಚೆಲ್ಲಿದ್ದವು. ಸೊನೆಯ ವಾಸನೆ ಘಮ್ಮೆನ್ನುತ್ತಿತ್ತು, ನಮ್ಮೂರಿನ ಹೊಲದ ಕಾಯಿಯ ವಾಸನೆ. ಆಗ ತಲೆ ಎತ್ತಿದೆ.

ಅವ್ವ ಗ್ರಿಲ್ಲಿಗೆ ಒರಗಿ ಕೂತಿದ್ದಳು. ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ತೊಡೆಯ ಪಕ್ಕದಲ್ಲಿ ಬಿದ್ದಿತ್ತು, ಎಡಗೈ ಮಾತ್ರ ಗ್ರಿಲ್ಲಿನ ಸರಳು ಹಿಡಿದುಕೊಂಡಿತ್ತು. ಕಣ್ಣು ತೆರೆದಿತ್ತು. ನನ್ನನ್ನು ನೋಡಿದಳು, ನಾನೆಂದು ಗೊತ್ತಾಯಿತು, ಕಣ್ಣಲ್ಲಿ ನೀರು ಬಂತು. ಗಂಟಲಿನಿಂದ ಏನೋ ಹೊರಟಿತು, ಅದು ಮಾತಾಗಿರಲಿಲ್ಲ.

ಮಗಳ ಹೆಸರು ಹಿಡಿದು ಕೂಗಿದೆ. ಬಾಗಿಲು ತೆಗೆಯಲಿಲ್ಲ. ಅವ್ವನ ತಲೆಯನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಸಲ ಅರಚಿದೆ. ಒಳಗೆ ಲೈಟು ಉರಿಯುತ್ತಿತ್ತು, ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು, ಆ ಬೆಳಕಿಗೆ ಅಡ್ಡವಾಗಿ ಎರಡು ಪುಟ್ಟ ಪಾದಗಳ ನೆರಳಿತ್ತು. ಅವಳು ಅಲ್ಲೇ ನಿಂತಿದ್ದಾಳೆ. ಅವ್ವನ ಉಸಿರು ಗೊರಗೊರ ಎನ್ನುತ್ತಿದೆ, ನನ್ನ ಮಗಳು ಬಾಗಿಲ ಹಿಂದೆ ನಿಂತು ನಾನು ಮನುಷ್ಯನೋ ಅಲ್ಲವೋ ಎಂದು ಎಣಿಸುತ್ತಿದ್ದಾಳೆ. ನನ್ನ ಬಾಯಿಯಿಂದ ಮೂರನೆಯ ಸಲ ಆ ಹೆಸರು ಹೊರಟಾಗ ಅದು ನನಗೇ ಬೇರೆ ಯಾರದೋ ದನಿ ಎನ್ನಿಸಿತು. ಚಿಲಕ ಸರಿಯಿತು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಸ್ಟ್ರೋಕ್ ಎಂದರು. ಯಾವಾಗ ಆಯಿತು ಎಂದು ಡಾಕ್ಟರ್ ಕೇಳಿದರು, ನನಗೆ ಗೊತ್ತಿರಲಿಲ್ಲ. ಇಂಥದ್ದರಲ್ಲಿ ಬೇಗ ಕರೆತಂದಷ್ಟೂ ಒಳ್ಳೆಯದಿತ್ತು, ಇವರು ಸುಮಾರು ಹೊತ್ತು ಹಾಗೇ ಇದ್ದಂತಿದೆ ಎಂದರು. ಆ ಮಾತು ಹೇಳಬೇಕಾದ್ದೇ, ಅವರು ಮೃದುವಾಗಿಯೇ ಹೇಳಿದರು. ನನಗೆ ಮಾತ್ರ ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು.

ಆ ಸುಮಾರು ಹೊತ್ತಿನಲ್ಲಿ ಏನಾಯಿತು ಎಂಬುದನ್ನು ಮಗಳು ನನಗೆ ಹೇಳಲಿಲ್ಲ. ಮೂರು ನಾಲ್ಕು ದಿನ ಬಿಟ್ಟು ಅವರಮ್ಮನಿಗೆ ಹೇಳಿದಳು. ಇಬ್ಬರೂ ತಿಂಡಿ ತಿನ್ನುತ್ತಿದ್ದರು. ಅಜ್ಜಿಯ ದನಿ ಕೇಳಿತು, 'ಕೂಸೇ' ಎಂದು, ಒಂದೇ ಸಲ. ಮಗ ಅಜ್ಜಿ ಬಂತು ಎಂದು ಎದ್ದ. ಇವಳು ಅವನ ಬಾಯಿ ಮುಚ್ಚಿ ಕೂರಿಸಿದಳು. ಏನೋ ಬಿದ್ದ ಸದ್ದಾಯಿತು. ಆಮೇಲೆ ಗ್ರಿಲ್ ಅಲ್ಲಾಡುವ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಎರಡನೆಯ ಕೂಗು ಬರಲಿಲ್ಲ. ಅಜ್ಜಿಯೇ ಹೇಳಿದ್ದಳಲ್ಲ, ಒಂದೇ ಸಲ ಕೂಗಿದರೆ ಅದು ತಾನಲ್ಲ ಎಂದು. ಅಪ್ಪನಿಗೆ ಫೋನ್ ಮಾಡಬಾರದಿತ್ತೇ ಎಂದು ಹೆಂಡತಿ ಕೇಳಿದಳಂತೆ. "ಮಾತಾಡಿದ್ರೆ ಒಳಗೆ ಇದೀವಿ ಅಂತ ಅದಕ್ಕೆ ಗೊತ್ತಾಗುತ್ತಲ್ಲಮ್ಮಾ," ಎಂದಳಂತೆ. ಟೀವಿ ಆರಿಸಿ, ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋಂವರ್ಕ್ ಬರೆಸಿದಳಂತೆ.

ನಿಯಮವನ್ನು ಇಷ್ಟು ಚೆನ್ನಾಗಿ ಪಾಲಿಸಿದ ಕೆಲಸಗಾರನನ್ನು ನಾನು ಫ್ಯಾಕ್ಟರಿಯಲ್ಲಿ ಕಂಡಿಲ್ಲ.

ಅವ್ವ ಬದುಕಿಕೊಂಡಳು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಫಿಸಿಯೋಥೆರಪಿಗೆ ಹತ್ತಿರ ಎಂದು ಉಪ್ಪಾರಹಳ್ಳಿಯ ಮನೆಯಲ್ಲೇ ಇಟ್ಟುಕೊಂಡೆವು. ಹಾಲಿನಲ್ಲಿ ಮಂಚ ಹಾಕಿದೆವು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾಳೆ, ಮಕ್ಕಳು ಬಂದ ಕೂಡಲೇ ತನ್ನ ಮಕ್ಕಳಿಗೆ ಅಡುಗೆ ಮಾಡಲು ಓಡುತ್ತಾಳೆ. ಹಾಗಾಗಿ ಆ ಸಂಜೆಯ ಹೊತ್ತು ಈಗ ಮೂವರದು. ನಿನ್ನ ತಪ್ಪೇನಿಲ್ಲ ಪುಟ್ಟಾ ಎಂದು ನಾನೂ ಹೆಂಡತಿಯೂ ಮಗಳಿಗೆ ಹೇಳಿದೆವು. ಹೂಂ ಎಂದಳು. ಬಂದ ತಕ್ಷಣ ಅಜ್ಜಿಯ ಬಾಯಿ ಒರೆಸುತ್ತಾಳೆ, ಚಮಚದಲ್ಲಿ ನೀರು ಕುಡಿಸುತ್ತಾಳೆ, ಪಕ್ಕದಲ್ಲೇ ಕೂತು ಓದಿಕೊಳ್ಳುತ್ತಾಳೆ. ಎಲ್ಲ ಒಂದು ಹದಕ್ಕೆ ಬಂದಿದೆ ಎಂದೇ ನಾನು ತಿಳಿದಿದ್ದೆ.

ಮೊದಮೊದಲು ಗ್ರಿಲ್ಲಿನ ಬೀಗ ತೆಗೆದಿರುವುದು ಕಂಡಾಗ ಮರೆತಿದ್ದಾಳೆ ಎಂದುಕೊಂಡೆ. ಆಮೇಲೊಂದು ದಿನ ಮರದ ಬಾಗಿಲೂ ಹಾರು ಹೊಡೆದಿತ್ತು. ಒಳಗೆ ಕಾಲಿಟ್ಟರೆ ಸೋಫಾದ ಮೇಲೆ ಒಬ್ಬ ಕೂತು ನಮ್ಮ ಮನೆಯ ಲೋಟದಲ್ಲಿ ನೀರು ಕುಡಿಯುತ್ತಿದ್ದ. ನಾನು ಅವನನ್ನು ಜನ್ಮದಲ್ಲಿ ಕಂಡಿರಲಿಲ್ಲ. ಪಕ್ಕದಲ್ಲಿ ಬೆಡ್‌ಶೀಟುಗಳ ಒಂದು ಗಂಟು ಇತ್ತು. ಮಗ ಅವನಿಗೆ ತನ್ನ ಡ್ರಾಯಿಂಗ್ ತೋರಿಸುತ್ತಿದ್ದ. ಅವ್ವ ಮಂಚದ ಮೇಲಿಂದ ಅವನನ್ನೇ ನೋಡುತ್ತಿದ್ದಳು, ಎಡಗೈಯಲ್ಲಿ ಹೊದಿಕೆಯನ್ನು ಹಿಂಡುತ್ತಿದ್ದಳು.

ಅವನು ಎದ್ದು ನಿಂತ. "ನಮಸ್ಕಾರ ಸಾರ್. ಬಿಸಿಲಿತ್ತು, ಪಾಪು ಕರೆದು ಕೂರಿಸ್ತು. ಒಳ್ಳೆ ಮಕ್ಕಳು ಸಾರ್," ಎಂದ. ಗಂಟು ಹೊತ್ತುಕೊಂಡು, ಮನೆಯನ್ನೊಮ್ಮೆ ಸುತ್ತ ನೋಡಿ, ನಿಧಾನವಾಗಿ ಇಳಿದು ಹೋದ. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿತ್ತು. ಗ್ರಿಲ್ಲಿಗೆ ಬೀಗ ಹಾಕಿ, ಎಳೆದು ನೋಡಿ ಒಳಗೆ ಬಂದೆ.

"ಯಾರು ಅವ್ನು? ಯಾಕೆ ತೆಗ್ದೆ ಬಾಗ್ಲು?" ಎಂದು ಮಗಳ ಮೇಲೆ ರೇಗಿದೆ.

ಅವಳು ಹೆದರಲಿಲ್ಲ, ಅಳಲೂ ಇಲ್ಲ. ಅಜ್ಜಿಯ ಹೊದಿಕೆ ಸರಿಮಾಡುತ್ತ ಹೇಳಿದಳು: "ಒಂದ್ಸಲ ಕೂಗಿದ್ರು ಅಪ್ಪಾ. ಇನ್ನೊಂದ್ಸಲ ಕೂಗೋಕೆ ಅವ್ರ ಕೈಲಿ ಆಗುತ್ತೋ ಇಲ್ವೋ ಅಂತ ತೆಗ್ದೆ."

ಮಗ ಡ್ರಾಯಿಂಗ್ ಹಾಳೆ ಮಡಿಸುತ್ತ, "ಆ ಅಂಕಲ್ ಮೊನ್ನೇನೂ ಬಂದಿದ್ರು. ನೀವು ಎಷ್ಟೊತ್ತಿಗೆ ಬರ್ತೀರ ಅಂತ ಕೇಳಿದ್ರು," ಎಂದ.

ಹೆಂಡತಿ ಹೇಳಿ ನೋಡಿದಳು, ನಾನು ಹೇಳಿ ನೋಡಿದೆ. ಗುರುತಿಲ್ಲದವರಿಗೆ ತೆಗೆಯಬಾರದು ಎಂದರೆ ಹೂಂ ಎನ್ನುತ್ತಾಳೆ, ಮರುದಿನ ಕರೆಂಟ್ ಬಿಲ್ಲಿನವನಿಗೂ, ವಿಳಾಸ ತಪ್ಪಿ ಬಂದವನಿಗೂ ಮೊದಲ ಸದ್ದಿಗೇ ಓಡುತ್ತಾಳೆ. ಹೊಸ ನಿಯಮ ಮಾಡಲು ನಾನು ಕೂತರೆ ನನ್ನ ಮಾತು ಮುಗಿಯುವವರೆಗೂ ಕೇಳಿ, ಕಣ್ಣನ್ನು ಮಂಚದ ಕಡೆ ತಿರುಗಿಸುತ್ತಾಳೆ. ಅವಳಿಗೆ ಅಂಜಿಕೆ ಹುಟ್ಟಿಸುವ ಯಾವ ಮಾತೂ ಈಗ ನನ್ನ ಹತ್ತಿರ ಉಳಿದಿಲ್ಲ. ಕೆಳಗಿನ ಮನೆಗೆ ಬಾಡಿಗೆಗೆ ಯಾರಾದರೂ ಬರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ.

ಈಗ ಸಂಜೆಯಾದರೆ ಮಷೀನು ಬಿಟ್ಟು ಗೋಡೆಯ ಪಕ್ಕಕ್ಕೆ ಬಂದು ಮನೆಗೆ ನಾನೇ ಫೋನ್ ಹಚ್ಚುತ್ತೇನೆ. ನಿನ್ನೆಯೂ ಹಚ್ಚಿದೆ. ಮಗಳೇ ಎತ್ತಿದಳು. ಅಜ್ಜಿ ಗಂಜಿ ಕುಡಿಯಿತು, ತಮ್ಮ ಬಿದ್ದು ಮಂಡಿ ತರಚಿಕೊಂಡ, ಎಂದೆಲ್ಲ ಹೇಳಿದಳು. ಬೀಗ ಹಾಕಿದೀಯಾ ಪುಟ್ಟಾ ಎಂದು ನಾನು ಕೇಳುವಷ್ಟರಲ್ಲಿ ಅವಳ ಹಿಂದೆ, ದೂರದಲ್ಲಿ, ಒಂದು ಗಂಡಸಿನ ದನಿ ಕೇಳಿಸಿತು. ಏನು ಕೂಗಿದನೋ ತಿಳಿಯಲಿಲ್ಲ.

"ಯಾರೋ ಕೂಗಿದ್ರು ಅಪ್ಪಾ, ಇರು," ಎಂದಳು. ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

ಅವನು ಸಿಲಿಂಡರ್ ತಂದವನೆಂದು ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ನನಗೆ ಗೊತ್ತಿರಲಿಲ್ಲ. ಫೋನಿಗೆ ಬಾಯಿಟ್ಟು ಅವಳ ಹೆಸರನ್ನು ಕೂಗಿದೆ, ಕೂಗುತ್ತಲೇ ಇದ್ದೆ, ಮಷೀನಿನ ಹುಡುಗರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಆ ಕಡೆಯಿಂದ ಅವ್ವನ ಗಂಟಲಿನ ಒಂದು ಸದ್ದು ಬಂತು. ಅದರ ಹಿಂದೆಯೇ ಮಗಳು ಬರಿಗಾಲಲ್ಲಿ ಬಾಗಿಲ ಕಡೆ ಓಡುತ್ತಿರುವುದು ಕೇಳಿಸಿತು.